ಎರವಲು ಹೋಗಿ ಬಂದ ಪೆಟ್ರೋಲ್ ಮೆಷಿನ್ ಸ್ಟಾರ್ಟ್ ಆಗದಿದ್ದರೆ

ಒಬ್ಬರೇ ಬಳಸುವ ಬ್ರಷ್ ಕಟರ್ ಕೆಟ್ಟರೆ, ಏನಾಯಿತು ಅಂತ ಆ ಒಬ್ಬರಿಗೆ ಗೊತ್ತಿರುತ್ತದೆ. ಹತ್ತು ಕೈ ದಾಟುವ ಮೆಷಿನ್ ಹಾಗಲ್ಲ. ಕೊಡುವಾಗ ಚೆನ್ನಾಗಿತ್ತು, ವಾಪಸ್ ಬಂದಾಗ ಹಗ್ಗ ಎಳೆದರೆ ಜಪ್ಪಯ್ಯ ಅನ್ನುವುದಿಲ್ಲ. ನಡುವೆ ನಡೆದದ್ದು ನಮ್ಮ ಕಣ್ಣಿಗೆ ಬಿದ್ದಿಲ್ಲ. ಅಕ್ಕಪಕ್ಕದವರಿಗೆ, ಸ್ನೇಹಿತರಿಗೆ, ಸಂಘದ ಸದಸ್ಯರಿಗೆ ಕೊಟ್ಟು ವಾಪಸ್ ತೆಗೆದುಕೊಳ್ಳುವ ಬ್ರಷ್ ಕಟರ್, ಚೈನ್ ಸಾ, ಹೆಡ್ಜ್ ಟ್ರಿಮ್ಮರ್, ಲಾನ್ ಮೋವರ್‌ಗಳಿಗಾಗಿ ಈ ಬರಹ.

ಇಂಥ ಮೆಷಿನ್‌ನಲ್ಲಿ ದೋಷ ಹುಡುಕುವ ಕ್ರಮ ಸ್ವಲ್ಪ ಬೇರೆ. ಸ್ಟಾರ್ಟ್ ಆಗಲಿಲ್ಲ ಅಂದ ಕೂಡಲೇ ಕೆಲವರು ಸ್ಕ್ರೂಡ್ರೈವರ್ ಹಿಡಿದು, ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬುರೇಟರ್ ಕಡೆ ಹೋಗುತ್ತಾರೆ. ಅದು ಕೊನೆಯ ಕೆಲಸ. ಎರವಲು ಹೋದ ಮೆಷಿನ್‌ನ ತೊಂದರೆ ಹೆಚ್ಚಾಗಿ ಟ್ಯಾಂಕಿನಲ್ಲೇ ಇರುತ್ತದೆ, ಅಲ್ಲಿಂದಲೇ ಶುರು ಮಾಡಬೇಕು.

ಬಿಚ್ಚುವ ಮೊದಲು ಕೇಳಿ

ಒಯ್ದವರು ಇನ್ನೂ ಎದುರಿಗಿದ್ದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಆದರೆ ತಪ್ಪು ಹಿಡಿಯುವ ದನಿಯಲ್ಲಿ ಕೇಳಿದರೆ "ಏನೂ ಮಾಡ್ಲಿಲ್ಲ, ಅದಾಗೇ ನಿಂತ್ಹೋಯ್ತು" ಎಂಬ ಒಂದೇ ಉತ್ತರ ಬರುತ್ತದೆ. ಹೇಗೆ ನಿಂತಿತು ಅಂತ ಕೇಳಿ. ಸ್ವಿಚ್ ಆಫ್ ಮಾಡಿದಂತೆ ಪಟ್ಟನೆ ನಿಂತಿದ್ದರೆ ಅನುಮಾನ ಕಿಡಿಯ ಮೇಲೆ. ಶಕ್ತಿ ಕುಗ್ಗುತ್ತಾ, ಎಳೆದಾಡುತ್ತಾ ನಿಂತಿದ್ದರೆ ಪೆಟ್ರೋಲ್ ಸರಿಯಾಗಿ ಬರುತ್ತಿಲ್ಲ, ಇಲ್ಲವೇ ಹೊಗೆ ಸರಿಯಾಗಿ ಹೋಗುತ್ತಿಲ್ಲ. ಕಿರುಗುಟ್ಟಿ, ಬಿಗಿಯಾಗಿ, ಹಗ್ಗವೂ ಎಳೆಯಲಾಗದಂತೆ ನಿಂತಿದ್ದರೆ ಪಿಸ್ಟನ್ ಸಿಲಿಂಡರ್‌ಗೆ ಕಚ್ಚಿಕೊಂಡು ಸೀಜ್ ಆಗಿರಬಹುದು.

ಇನ್ನು ಮೂರು ಪ್ರಶ್ನೆ ಬಾಕಿ. ಪೆಟ್ರೋಲ್ ಯಾವ ಕ್ಯಾನಿನದು, ಆಯಿಲ್ ಬೆರೆಸಿದ್ದು ಯಾರು? ಬ್ಲೇಡ್ ಕಲ್ಲಿಗೋ ಬೇರಿಗೋ ಬಡಿಯಿತಾ? ಗಾಡಿಯಲ್ಲಿ ಮಲಗಿಸಿ ತಂದರಾ? ಉತ್ತರ ಬರೆದಿಟ್ಟುಕೊಳ್ಳಿ, ಕೆಳಗೆ ಎಲ್ಲವೂ ಬೇಕಾಗುತ್ತದೆ.

ಕೆಲಸ ಶುರುವಿಗೆ ಮೊದಲು ಸ್ವಿಚ್ ನೋಡಿ. ನಗಬೇಡಿ, ಕೆಟ್ಟಿದೆ ಅಂತ ಬಂದ ಮೆಷಿನ್‌ನ ಸ್ವಿಚ್ ಆಫ್‌ನಲ್ಲೇ ಇರುವುದುಂಟು. ಅದು ಸರಿಯಿದ್ದರೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಳಚಿ ಪಕ್ಕಕ್ಕೆ ಸರಿಸಿ. ಬ್ಲೇಡ್ ಅಥವಾ ಚೈನ್ ಹತ್ತಿರ ಕೈ ಹೋಗುವ ಯಾವ ಕೆಲಸವಾದರೂ ಕ್ಯಾಪ್ ಕಳಚಿಯೇ ಆಗಬೇಕು. ಬಿಸಿ ಇಂಜಿನ್‌ನ ಟ್ಯಾಂಕ್ ತೆರೆಯಬೇಡಿ, ಆರಲಿ.

ಟ್ಯಾಂಕಿನಲ್ಲಿ ಏನಿದೆ?

ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ಒಂದು ಪಾರದರ್ಶಕ ಗಾಜಿನ ಬಾಟಲಿಗೆ ಸುರಿದು ಬೆಳಕಿಗೆ ಹಿಡಿಯಿರಿ. ಪೆಟ್ರೋಲ್‌ಗೆ ಬೆರೆಸುವ ಟೂ-ಸ್ಟ್ರೋಕ್ ಆಯಿಲ್‌ಗೆ ಸಾಮಾನ್ಯವಾಗಿ ನೀಲಿ, ಹಸಿರು ಅಥವಾ ಕೆಂಪು ಬಣ್ಣ ಹಾಕಿರುತ್ತಾರೆ. ಟೂ-ಸ್ಟ್ರೋಕ್ ಮೆಷಿನ್‌ನಿಂದ ಆ ಬಣ್ಣದ ಸುಳಿವೇ ಇಲ್ಲದ ಪೆಟ್ರೋಲ್ ಬಂದರೆ ಎಚ್ಚರವಾಗಿ. ಬಣ್ಣ ಒಂದನ್ನೇ ನಂಬಲಾಗುವುದಿಲ್ಲ, ಹಳತಾದರೆ ಮಾಸುತ್ತದೆ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಕಾಯಿರಿ. ಬರೀ ಪೆಟ್ರೋಲ್ ಆದರೆ ಆರಿ ಹೋಗುತ್ತದೆ, ಕಲೆ ಉಳಿಯುವುದು ತೀರಾ ಕಡಿಮೆ. ಆಯಿಲ್ ಬೆರೆತಿದ್ದರೆ ಜಿಡ್ಡಿನ ಕಲೆ ಉಳಿಯುತ್ತದೆ. ಹನಿ ಆರುವುದೇ ಇಲ್ಲ, ವಾಸನೆಯೂ ಬೇರೆ ಅಂದರೆ ಡೀಸೆಲ್ ಅಥವಾ ಸೀಮೆಎಣ್ಣೆ ಸೇರಿದೆ.

ಬಾಟಲಿಯ ತಳದಲ್ಲಿ ಬೇರೆ ಪದರ ಅಥವಾ ಉರುಳಾಡುವ ಗುಳ್ಳೆ ಕಂಡರೆ ಅದು ನೀರು. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಒಂದು ಮಿತಿ ದಾಟಿದ ಮೇಲೆ ಎಥನಾಲ್ ಮತ್ತು ನೀರು ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪೈಪು ಹೀರುವುದೂ ತಳದಿಂದಲೇ, ಇಂಜಿನ್‌ಗೆ ಮೊದಲು ಹೋಗುವುದು ಅದೇ. ಅಲುಗಾಡಿಸಿ ಬೆರೆಸಿ ಬಳಸೋಣ ಅನ್ನಬೇಡಿ. ವಾರ್ನಿಷ್‌ನಂಥ ಹುಳಿ ವಾಸನೆ ಬಂದರೂ ಆ ಪೆಟ್ರೋಲ್ ಕೆಲಸಕ್ಕೆ ಬಾರದು. ಬೆರೆಸಿ ಒಂದು ತಿಂಗಳು ದಾಟಿದ್ದನ್ನು ನಾನು ಈ ಮೆಷಿನ್‌ಗಳಿಗೆ ಹಾಕುವುದೇ ಇಲ್ಲ. ತೆಗೆದದ್ದನ್ನು ಚರಂಡಿಗೋ ಮಣ್ಣಿಗೋ ಚೆಲ್ಲಬೇಡಿ. ಮುಚ್ಚಳವಿರುವ ಡಬ್ಬದಲ್ಲಿಟ್ಟು, ಹಳೆ ಆಯಿಲ್ ತೆಗೆದುಕೊಳ್ಳುವವರಿಗೆ ಕೊಡಿ.

ಬೆರೆಸುವ ಲೆಕ್ಕ ಹೀಗೆ: 50:1 ಅಂದರೆ ಲೀಟರ್‌ಗೆ 20 ಮಿಲಿ ಆಯಿಲ್, 40:1 ಅಂದರೆ 25 ಮಿಲಿ, 25:1 ಅಂದರೆ 40 ಮಿಲಿ. ಯಾವುದು ಅಂತ ಮೆಷಿನ್‌ನ ಪುಸ್ತಕವೇ ಹೇಳಬೇಕು, ಊಹೆ ಬೇಡ. ಎರವಲು ಮೆಷಿನ್‌ನಲ್ಲಿ ಮಾತ್ರ ಕಾಣುವ ಒಂದು ತಪ್ಪಿದೆ: ಕ್ಯಾನಿನಲ್ಲಿ ಆಗಲೇ ಬೆರೆಸಿಟ್ಟದ್ದು ಗೊತ್ತಿಲ್ಲದೆ ಒಯ್ದವರು ಮತ್ತೊಮ್ಮೆ ಆಯಿಲ್ ಹಾಕುವುದು. ಆಗ ಹೊಗೆ ಜಾಸ್ತಿ, ಪ್ಲಗ್ ಜಿಡ್ಡು, ಸೈಲೆನ್ಸರ್‌ನಲ್ಲಿ ಕಾರ್ಬನ್. ಇಂಜಿನ್ ಸಾಯುವುದಿಲ್ಲ. ತೆಗೆದು ಹೊಸ ಮಿಶ್ರಣ ಹಾಕಿದರೆ, ಪ್ಲಗ್ ಒರೆಸಿದರೆ ಸಾಕು. ಇಂಜಿನ್ ಆಯಿಲ್ ಪ್ರತ್ಯೇಕವಾಗಿರುವ ಫೋರ್-ಸ್ಟ್ರೋಕ್ ಮೋವರ್‌ಗೆ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿದ್ದರೂ ಹೀಗೇ, ಹೊಗೆ ಬರುತ್ತದೆ, ತೊಳೆದರೆ ಸರಿಹೋಗುತ್ತದೆ.

ಇದರ ಉಲ್ಟಾ ಆದರೆ ಕಥೆ ಬೇರೆ. ಟೂ-ಸ್ಟ್ರೋಕ್‌ನಲ್ಲಿ ಬರೀ ಪೆಟ್ರೋಲ್ ಓಡಿದ್ದರೆ ಇನ್ನೊಮ್ಮೆ ಸ್ಟಾರ್ಟ್ ಮಾಡಿ ನೋಡೋಣ ಅನ್ನುವುದು ಬೇಡವೇ ಬೇಡ. ಅದರ ಬೇರಿಂಗು, ಪಿಸ್ಟನ್, ಸಿಲಿಂಡರ್ ಎಲ್ಲಕ್ಕೂ ಎಣ್ಣೆ ಸಿಗುವುದು ಪೆಟ್ರೋಲ್ ಜೊತೆಗೆ ಮಾತ್ರ. ಸೈಲೆನ್ಸರ್ ಬಿಚ್ಚಿ, ಹೊಗೆ ಹೊರಬರುವ ಕಿಂಡಿಯಿಂದ ಟಾರ್ಚ್ ಹಾಕಿ ನೋಡಿ. ಹಗ್ಗವನ್ನು ಮೆಲ್ಲಗೆ ಎಳೆಯುತ್ತಾ ಹೋದರೆ ಪಿಸ್ಟನ್‌ನ ಪಕ್ಕ ಮೇಲೆ ಕೆಳಗೆ ಹೋಗುವುದು ಕಾಣುತ್ತದೆ. ನಯವಾಗಿದ್ದರೆ ಬಚಾವ್. ಉದ್ದುದ್ದ ಗೀರು ಬಿದ್ದು, ಅಲ್ಯೂಮಿನಿಯಂ ಸವರಿಕೊಂಡಂತೆ ಕಂಡರೆ ಸೀಜ್ ಆಗಿದೆ. ಇಲ್ಲಿಗೆ ಮನೆಯ ರಿಪೇರಿ ಮುಗಿಯಿತು. ಪಿಸ್ಟನ್, ರಿಂಗ್, ಸಿಲಿಂಡರ್ ಬದಲಿಸುವ ಖರ್ಚನ್ನು ಹೊಸ ಮೆಷಿನ್‌ನ ಬೆಲೆಗೆ ಹೋಲಿಸಿ ತೀರ್ಮಾನ ಮಾಡಿ. ಅಗ್ಗದ ಮೆಷಿನ್ ಆದರೆ ಬಿಡಿಭಾಗಕ್ಕೆ ಇಟ್ಟುಕೊಳ್ಳುವುದೇ ಲೇಸು.

ಪೆಟ್ರೋಲ್ ಚೆನ್ನಾಗಿದ್ದೂ ಇಂಜಿನ್‌ಗೆ ಮುಟ್ಟದೆ ಇರಬಹುದು. ಕೈಯಲ್ಲಿ ಹಿಡಿಯುವ ಮೆಷಿನ್‌ಗಳಲ್ಲಿ ಟ್ಯಾಂಕಿನೊಳಗೆ ಪೈಪಿನ ತುದಿಗೆ ಸಣ್ಣ ಫಿಲ್ಟರ್ ಇರುತ್ತದೆ. ತಂತಿಯ ಕೊಕ್ಕೆಯಲ್ಲಿ ಅದನ್ನು ಮೇಲೆತ್ತಿ. ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ದರೆ ತೊಳೆಯುತ್ತಾ ಕೂರಬೇಡಿ, ಬದಲಿಸಿ. ಪೈಪನ್ನು ಬೆರಳಲ್ಲಿ ಬಗ್ಗಿಸಿ ನೋಡಿ: ಬಿರುಕು ಬಿಟ್ಟಿದ್ದರೆ, ಇಲ್ಲವೇ ಅಂಟಂಟಾಗಿದ್ದರೆ ಅದೂ ಹೋಯಿತು. ಪ್ರೈಮರ್ ಬಲ್ಬ್ (ಪೆಟ್ರೋಲ್ ಎಳೆಯಲು ಒತ್ತುವ ಮೆತ್ತಗಿನ ಗುಂಡಿ) ಒತ್ತಿದಾಗ ಒಳಗೆ ಬರೀ ಗಾಳಿ ಗುಳ್ಳೆ ಓಡಾಡಿದರೆ ಎಲ್ಲೋ ಪೈಪು ಗಾಳಿ ಎಳೆಯುತ್ತಿದೆ.

ಕೆಲವು ಮೆಷಿನ್ ಚೆನ್ನಾಗಿ ಓಡಿ, ಸ್ವಲ್ಪ ಹೊತ್ತಿಗೆ ಸೊರಗಿ ನಿಲ್ಲುತ್ತವೆ. ಅರ್ಧ ಗಂಟೆ ಬಿಟ್ಟು ಎಳೆದರೆ ಮತ್ತೆ ಓಡುತ್ತವೆ. ಸೊರಗಿ ನಿಂತ ಮೆಷಿನ್‌ನ್ನು ಬೆಂಕಿ, ಕಿಡಿ ಇಲ್ಲದ ಕಡೆ ಇಟ್ಟು ಆರಲು ಬಿಟ್ಟು, ಟ್ಯಾಂಕಿನ ಮುಚ್ಚಳ ನಿಧಾನವಾಗಿ ಸಡಿಲಿಸಿ. ಸುಯ್ ಅಂತ ಗಾಳಿ ಒಳಗೆ ಹೋಯಿತಾ? ಹಾಗಿದ್ದರೆ ಟ್ಯಾಂಕಿಗೆ ಗಾಳಿ ಬಿಡುವ ಕಿಂಡಿ ಕಟ್ಟಿಕೊಂಡಿದೆ. ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬರದಿದ್ದರೆ ಹರಿವೇ ನಿಲ್ಲುತ್ತದೆ. ಕಿಂಡಿ ಸ್ವಚ್ಛ ಮಾಡಿ ಅಥವಾ ಬದಲಿಸಿ. ಇದೊಂದು ಗೊತ್ತಿಲ್ಲದೆ ಎಷ್ಟೋ ಕಾರ್ಬುರೇಟರ್‌ಗಳನ್ನು ಸುಮ್ನೆ ಬದಲಿಸುತ್ತಾರೆ.

ಪ್ಲಗ್ ಬಿಚ್ಚಿ ನೋಡಿ

ಹೊಸ ಪೆಟ್ರೋಲ್ ಹಾಕಿಯೂ ಸ್ಟಾರ್ಟ್ ಆಗದಿದ್ದರೆ, ನಾಲ್ಕೈದು ಸಲ ಹಗ್ಗ ಎಳೆದ ನಂತರ ಪ್ಲಗ್ ಬಿಚ್ಚಿ. ತುದಿ ಒಣಗಿದ್ದರೆ ಪೆಟ್ರೋಲ್ ಒಳಗೆ ಬರುತ್ತಿಲ್ಲ, ಮೇಲೆ ಹೇಳಿದ ಫಿಲ್ಟರ್, ಪೈಪು ಮತ್ತೆ ನೋಡಿ. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಹೊತ್ತುತ್ತಿಲ್ಲ. ಒಣ ಕರಿ ಮಸಿ ಕಂಡರೆ ಗಾಳಿ ಕಡಿಮೆ, ಅಂದರೆ ಏರ್ ಫಿಲ್ಟರ್ ಕೊಳಕು ಅಥವಾ ಚೋಕ್ (ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಲು ಗಾಳಿ ತಡೆಯುವ ತಗಡು) ಮುಚ್ಚಿಯೇ ಓಡಿಸಿದ್ದಾರೆ. ಕರಿ ಜಿಡ್ಡು ಆಯಿಲ್ ಜಾಸ್ತಿಯ ಗುರುತು. ತಿಳಿ ಕಂದು ಬಣ್ಣ ಆರೋಗ್ಯದ ಲಕ್ಷಣ. ನನಗೆ ಭಯ ಹುಟ್ಟಿಸುವುದು ಬಿಳಿ ಬಣ್ಣ. ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಆಗಿ ಇಂಜಿನ್ ಅತಿಯಾಗಿ ಬಿಸಿಯಾಗಿದೆ ಎಂದು ಅದರರ್ಥ. ಪ್ಲಗ್ ಬದಲಿಸಿ ಕೈ ತೊಳೆದುಕೊಂಡರೆ ಕಾರಣ ಹಾಗೇ ಉಳಿಯುತ್ತದೆ, ಪಿಸ್ಟನ್ ಸುಡುತ್ತದೆ.

ಒದ್ದೆ ಪ್ಲಗ್ ಅಂದರೆ ಹೆಚ್ಚಿನ ಸಲ ಓವರ್‌ಫ್ಲೋ. ಚೋಕ್ ಹಾಕಿ ಎಳೆದೆಳೆದು ಪೆಟ್ರೋಲ್ ತುಂಬಿಸಿರುತ್ತಾರೆ. ಪ್ಲಗ್ ಹೊರಗಿಟ್ಟು, ಸ್ವಿಚ್ ಆಫ್ ಮಾಡಿ, ಚೋಕ್ ಪೂರ್ತಿ ತೆರೆದು, ಪ್ಲಗ್ ತೂತು ಮುಖದ ಕಡೆ ಇರದಂತೆ ತಿರುಗಿಸಿ ಆರೇಳು ಸಲ ಹಗ್ಗ ಎಳೆಯಿರಿ. ಒಳಗಿನ ಪೆಟ್ರೋಲ್ ಹಾರಿ ಹೋಗುತ್ತದೆ. ಪ್ಲಗ್ ಒರೆಸಿ ಒಣಗಿಸಿ ಹಾಕಿ, ಸ್ವಿಚ್ ಆನ್ ಮಾಡಿ, ಚೋಕ್ ಇಲ್ಲದೆ ಸ್ಟಾರ್ಟ್ ಮಾಡಿ. ಮುಂದಿನ ಸಲ ಕೊಡುವಾಗ ಒಂದು ಮಾತು ಹೇಳಿ: ತಣ್ಣಗಿನ ಇಂಜಿನ್‌ಗೆ ಚೋಕ್ ಹಾಕಿ ಎಳೆಯುವಾಗ ಒಮ್ಮೆ ಢಬ್ ಅಂದ ಕೂಡಲೇ ಚೋಕ್ ತೆಗೆಯಬೇಕು. ಆ ಸದ್ದು ಕೇಳಿಸಿಕೊಳ್ಳದೆ ಎಳೆಯುತ್ತಲೇ ಹೋದರೆ ಮುಳುಗಿತು.

ಕಿಡಿ ನೋಡಲು ಕಡಿಮೆ ಬೆಲೆಯ ಸ್ಪಾರ್ಕ್ ಟೆಸ್ಟರ್ ಒಂದು ಇಟ್ಟುಕೊಳ್ಳಿ. ಬಿಚ್ಚಿದ ಪ್ಲಗ್ಗನ್ನು ಇಂಜಿನ್‌ಗೆ ತಾಗಿಸಿ ಎಳೆದು ನೋಡುವ ಹಳೆ ಅಭ್ಯಾಸ ಇದೆಯಲ್ವಾ, ಪೆಟ್ರೋಲ್ ಆವಿ ಹೊರಬರುತ್ತಿರುವ ತೂತಿನ ಪಕ್ಕದಲ್ಲಿ ಅದು ಬೇಡ. ಕಿಡಿ ಇಲ್ಲದಿದ್ದರೆ ಮೊದಲು ಹೊಸ ಪ್ಲಗ್ ಹಾಕಿ. ಪ್ಲಗ್ ತುದಿಯಲ್ಲಿ ಕಿಡಿ ಹಾರುವ ಗ್ಯಾಪ್ ಹಲವು ಮೆಷಿನ್‌ಗಳಿಗೆ 0.6ರಿಂದ 0.7 ಮಿಮೀ. ಆಗಲೂ ಇಲ್ಲ ಅಂದರೆ ಸ್ವಿಚ್‌ನಿಂದ, ಕಿಡಿಯ ಕರೆಂಟ್ ಹುಟ್ಟಿಸುವ ಕಾಯಿಲ್‌ಗೆ ಹೋಗುವ ಸಣ್ಣ ವೈರ್ ಕಳಚಿ ಮತ್ತೆ ಪರೀಕ್ಷಿಸಿ. ಆ ವೈರ್ ಲೋಹಕ್ಕೆ ತಾಗಿದರೆ ಇಂಜಿನ್ ನಿಲ್ಲುತ್ತದೆ, ಸ್ವಿಚ್ ಮಾಡುವ ಕೆಲಸವೂ ಅಷ್ಟೇ. ಕಳಚಿದ ಮೇಲೆ ಕಿಡಿ ಬಂದರೆ ವೈರ್ ಎಲ್ಲೋ ಸವೆದು ಲೋಹಕ್ಕೆ ತಾಗುತ್ತಿದೆ, ಇಲ್ಲವೇ ಸ್ವಿಚ್ ಕೆಟ್ಟಿದೆ. ಈ ವೈರ್ ಕಳಚಿಟ್ಟು ಮೆಷಿನ್ ಓಡಿಸಬೇಡಿ, ನಿಲ್ಲಿಸಲು ಸ್ವಿಚ್ ಕೆಲಸ ಮಾಡುವುದಿಲ್ಲ. ಇನ್ನು ಉಳಿದದ್ದು ಕಾಯಿಲ್. ಬಿಸಿಯಾದಾಗ ಮಾತ್ರ ಕಿಡಿ ಹೋಗಿ, ಆರಿದ ಮೇಲೆ ಮರಳಿ ಬಂದರೆ ಕಾಯಿಲ್‌ನ ಮೇಲೇ ಅನುಮಾನ ಗಟ್ಟಿ.

ಸ್ಟಾರ್ಟ್ ಆಗುತ್ತದೆ, ರೇಸ್ ತೆಗೆದುಕೊಳ್ಳುವುದಿಲ್ಲ

ನಿಧಾನ ವೇಗದಲ್ಲಿ ಚೆನ್ನಾಗಿಯೇ ಓಡುತ್ತದೆ, ಥ್ರಾಟಲ್ ಒತ್ತಿದರೆ ಮುಗ್ಗರಿಸುತ್ತದೆ. ಮೊದಲು ಏರ್ ಫಿಲ್ಟರ್ ತೆಗೆದು ನೋಡಿ. ಸ್ಪಂಜಿನದಾದರೆ ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಕಾಗದದ್ದನ್ನು ತೊಳೆಯುವಂತಿಲ್ಲ, ಮೆಲ್ಲಗೆ ತಟ್ಟಿ ಧೂಳು ಉದುರಿಸಿ ಅಥವಾ ಬದಲಿಸಿ.

ಅದು ಚೊಕ್ಕವಾಗಿದ್ದರೆ ಸೈಲೆನ್ಸರ್ ಬಾಯಿ ಬಿಚ್ಚಿ. ಕಿಡಿ ಹಾರದಂತೆ ತಡೆಯಲು ಅಲ್ಲಿ ಸಣ್ಣ ಜಾಲರಿ ಇರುತ್ತದೆ. ಅದರ ತುಂಬ ಕಾರ್ಬನ್ ಕಟ್ಟಿದ್ದರೆ ಹೊಗೆಗೆ ದಾರಿ ಇಲ್ಲ, ಇಂಜಿನ್‌ಗೆ ಉಸಿರು ಬಿಡಲಾಗುವುದಿಲ್ಲ. ತಂತಿ ಬ್ರಷ್‌ನಿಂದ ಉಜ್ಜಿ ವಾಪಸ್ ಹಾಕಿ. ಜಾಲರಿ ತೆಗೆದೇ ಓಡಿಸೋಣ ಅನ್ನುವವರಿದ್ದಾರೆ, ಒಣಹುಲ್ಲಿನ ನಡುವೆ ಅದು ಬೆಂಕಿಗೆ ದಾರಿ. ಹೊಗೆ ಕಿಂಡಿಯಲ್ಲೂ ಕಾರ್ಬನ್ ಇದ್ದರೆ, ಪಿಸ್ಟನ್ ಕಿಂಡಿಯನ್ನು ಮುಚ್ಚುವಂತೆ ನಿಲ್ಲಿಸಿ, ಮರದ ಅಥವಾ ಪ್ಲಾಸ್ಟಿಕ್ ಕಡ್ಡಿಯಿಂದ ಕೆರೆಯಿರಿ. ಕಬ್ಬಿಣದ ಚೂಪು ಬೇಡ.

ಇಷ್ಟೆಲ್ಲ ಆದ ಮೇಲೆ ಈಗ ಕಾರ್ಬುರೇಟರ್. ಹಲವು ಮೆಷಿನ್‌ಗಳಲ್ಲಿ ಅದರ ಮೇಲೆ ಎಲ್ (ಕಡಿಮೆ ವೇಗದ್ದು), ಎಚ್ (ಹೆಚ್ಚು ವೇಗದ್ದು) ಗುರುತಿನ ಎರಡು ಸ್ಕ್ರೂ ಮತ್ತು ಸ್ಲೋ ಸ್ಪೀಡ್ ಹೊಂದಿಸುವ ಇನ್ನೊಂದು ಸ್ಕ್ರೂ ಇರುತ್ತವೆ. ಸ್ಟಾರ್ಟ್ ಆಗದಿದ್ದಾಗ ಒಯ್ದವರು ಮೊದಲು ಕೈ ಹಾಕುವುದು ಇವಕ್ಕೇ. ಹಾಗಾಗಿ ಮೆಷಿನ್ ಸರಿಯಿರುವಾಗಲೇ ಸ್ಕ್ರೂ ತಲೆಯಿಂದ ದೇಹದವರೆಗೆ ಬಣ್ಣದ ಒಂದು ಗೆರೆ ಎಳೆದಿಡಿ. ವಾಪಸ್ ಬಂದಾಗ ಗೆರೆ ಕೂಡದಿದ್ದರೆ ಯಾರೋ ತಿರುಗಿಸಿದ್ದಾರೆ, ಮೊದಲು ಅದೇ ಜಾಗಕ್ಕೆ ತನ್ನಿ. ಎಚ್ ಸ್ಕ್ರೂ ಒಳಗೆ ಬಿಗಿದಷ್ಟೂ ಪೆಟ್ರೋಲ್ ಕಡಿಮೆ, ಪೆಟ್ರೋಲ್ ಜೊತೆ ಬರುವ ಎಣ್ಣೆಯೂ ಕಡಿಮೆ. ಸದ್ದು ಚುರುಕಾಗುತ್ತದೆ, ಎಲ್ಲರಿಗೂ ಖುಷಿ, ಪಿಸ್ಟನ್ ಮಾತ್ರ ಸುಡುತ್ತಿರುತ್ತದೆ.

ಒಳಗಿನ ದೋಷ ಹೆಚ್ಚಾಗಿ ಡಯಾಫ್ರಂನದು. ಆ ತೆಳು ಪೊರೆ ಮೆತ್ತಗೆ ಬಳುಕಬೇಕು. ಒತ್ತಿದಾಗ ಪಟಪಟ ಸದ್ದು ಮಾಡುವಷ್ಟು ಗಟ್ಟಿಯಾಗಿದ್ದರೆ ಗ್ಯಾಸ್ಕೆಟ್ ಸಮೇತ ಕಿಟ್ ಬದಲಿಸಿ. ಬಿಚ್ಚುವಾಗ ಯಾವುದರ ಮೇಲೆ ಯಾವುದಿತ್ತು ಅಂತ ಫೋಟೋ ತೆಗೆದುಕೊಳ್ಳಿ. ಸಣ್ಣ ತೂತುಗಳಿಗೆ ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿ, ತಂತಿ ತೂರಿಸಬೇಡಿ.

ಇದರ ತದ್ವಿರುದ್ಧ ದೋಷವೂ ಇದೆ. ಥ್ರಾಟಲ್ ಬಿಟ್ಟರೂ ಇಂಜಿನ್ ಕೂಗುತ್ತದೆ, ಅಥವಾ ಸ್ಲೋ ಸ್ಪೀಡ್‌ನಲ್ಲೇ ಚೈನ್, ಬ್ಲೇಡ್ ತಿರುಗುತ್ತದೆ. ಸ್ಲೋ ಸ್ಪೀಡ್ ಸ್ಕ್ರೂ ಇಳಿಸಿ ನೋಡಿ. ವೇಗ ಇಳಿದೂ ಚೈನ್ ನಿಲ್ಲದಿದ್ದರೆ ಕ್ಲಚ್ ಸ್ಪ್ರಿಂಗ್ ತುಂಡಾಗಿರಬಹುದು. ವೇಗವೇ ಇಳಿಯದಿದ್ದರೆ ಕಾರ್ಬುರೇಟರ್ ನಟ್ ಸಡಿಲವೋ, ಅದರ ಮತ್ತು ಸಿಲಿಂಡರ್ ನಡುವಿನ ರಬ್ಬರ್ ಸೀಳಿದೆಯೋ ನೋಡಿ. ಎಲ್ಲಿಂದಲೋ ಹೆಚ್ಚು ಗಾಳಿ ನುಗ್ಗುತ್ತಿದೆ, ಬಿಳಿ ಪ್ಲಗ್‌ಗೂ ಇದೇ ಕಾರಣ ಇರಬಹುದು. ಈ ದೋಷ ಇರುವ ಮೆಷಿನ್‌ನ್ನು "ಸ್ವಲ್ಪ ಹುಷಾರಾಗಿ ಬಳಸಿ" ಅಂತ ಹೇಳಿ ಕೊಡುವುದಕ್ಕಿಂತ ಕೊಡದಿರುವುದೇ ಸರಿ. ಕೈಬಿಟ್ಟರೂ ನಿಲ್ಲದ ಚೈನ್ ಯಾರ ಕೈಗೂ ಹೋಗಬಾರದು.

ಮೋವರ್ ಆದರೆ ಇನ್ನೆರಡು ವಿಷಯ

ಫೋರ್-ಸ್ಟ್ರೋಕ್ ಮೋವರ್‌ನ್ನು ಏರ್ ಫಿಲ್ಟರ್ ಕೆಳಗಾಗುವಂತೆ ಮಲಗಿಸಿದರೆ ಇಂಜಿನ್ ಆಯಿಲ್ ಆ ಏರ್ ಫಿಲ್ಟರ್‌ಗೂ ಸಿಲಿಂಡರ್‌ಗೂ ಇಳಿಯುತ್ತದೆ. ಆಮೇಲೆ ಸ್ಟಾರ್ಟ್ ಆಗುವುದಿಲ್ಲ, ಸ್ಟಾರ್ಟ್ ಆದರೂ ದಟ್ಟ ಬಿಳಿ ಹೊಗೆ. ಹಗ್ಗ ಅಲ್ಲಾಡದಷ್ಟು ಗಟ್ಟಿಯಾಗಿದ್ದರೆ ಬಲ ಪ್ರಯೋಗ ಬೇಡ, ಪ್ಲಗ್ ತೆಗೆದು ಎಳೆಯಿರಿ, ಆಯಿಲ್ ಹೊರಬರುತ್ತದೆ. ಫಿಲ್ಟರ್ ಬದಲಿಸಿ, ಆಯಿಲ್ ಮಟ್ಟ ಕಡ್ಡಿಯಲ್ಲಿ ನೋಡಿ ಸರಿ ಮಾಡಿ. ಉಳಿದ ಹೊಗೆ ಓಡುತ್ತಾ ಓಡುತ್ತಾ ಹೋಗುತ್ತದೆ. ಆಯಿಲ್ ಗೆರೆ ಮೀರಿ ತುಂಬಿದ್ದರೂ ಇದೇ ಹೊಗೆ ಬರುತ್ತದೆ.

ಬ್ಲೇಡ್ ಕಲ್ಲಿಗೆ ಬಡಿದು ನಿಂತ ಮೋವರ್, ಆಮೇಲೆ ಹಗ್ಗವನ್ನು ಕೈಯಿಂದ ಕಿತ್ತುಕೊಳ್ಳುವಂತೆ ಹಿಂದಕ್ಕೆ ಎಳೆಯುತ್ತಿದ್ದರೆ ಫ್ಲೈವೀಲ್ ಕೀ (ಇಂಜಿನ್‌ನ ಚಕ್ರವನ್ನು ಕ್ರ್ಯಾಂಕ್ ದಂಡದ ಮೇಲೆ ಸರಿಯಾದ ಜಾಗದಲ್ಲಿ ಕೂರಿಸುವ ಸಣ್ಣ ಚೂರು) ತುಂಡಾಗಿದೆ ಅನ್ನಬಹುದು. ಪೆಟ್ರೋಲ್ ಇದೆ, ಕಿಡಿ ಇದೆ, ಆದರೆ ಕಿಡಿ ಬರುವ ಹೊತ್ತು ತಪ್ಪಿದೆ. ಹಲವು ಇಂಜಿನ್‌ಗಳಲ್ಲಿ ಈ ಕೀಯನ್ನು ಬೇಕೆಂದೇ ಮೆತ್ತಗಿನ ಲೋಹದಲ್ಲಿ ಮಾಡಿರುತ್ತಾರೆ, ಪೆಟ್ಟು ತಾನು ತಿಂದು ದುಬಾರಿ ಭಾಗ ಉಳಿಸಲಿ ಅಂತ. ಅದರ ಜಾಗಕ್ಕೆ ಉಕ್ಕಿನ ಚೂರು ತೂರಿಸಿದರೆ ಮುಂದಿನ ಪೆಟ್ಟು ಕ್ರ್ಯಾಂಕ್‌ಗೆ. ಹೊಸ ಕೀ ಹಾಕಿದ ಮೇಲೆ ಪ್ಲಗ್ ತೆಗೆದಿಟ್ಟು ಮೆಲ್ಲಗೆ ಹಗ್ಗ ಎಳೆಸಿ, ಬ್ಲೇಡ್ ಬೋಲ್ಟಿನ ತಲೆ ಒಂದೇ ಜಾಗದಲ್ಲಿ ತಿರುಗುತ್ತದಾ ನೋಡಿ. ಓಲಾಡಿದರೆ ಕ್ರ್ಯಾಂಕ್ ಬಾಗಿದೆ. ಆ ಮೋವರ್ ಬಳಸಬಾರದು.

ಇಂಜಿನ್ ಚೆನ್ನಾಗಿದೆ, ಕೆಲಸ ಆಗುವುದಿಲ್ಲ

ಚೈನ್ ಸಾದಿಂದ ಚಕ್ಕೆ ಬೀಳಬೇಕು. ಹಿಟ್ಟಿನಂಥ ಪುಡಿ ಬಿದ್ದರೆ ಹಲ್ಲು ಮೊಂಡಾಗಿದೆ. ಕೊಯ್ಯುವುದೇ ಇಲ್ಲ, ಬರೀ ಸುಟ್ಟ ಹೊಗೆ ಬರುತ್ತದೆ ಅಂದರೆ ಚೈನ್ ಉಲ್ಟಾ ಹಾಕಿದ್ದಾರಾ ನೋಡಿ. ಒಯ್ದವರು ಚೈನ್ ಕಳಚಿ ಹಾಕಿದಾಗ ಇದು ಆಗುವುದೇ. ಬಾರ್‌ನ (ಚೈನ್ ಸುತ್ತ ಓಡುವ ಉದ್ದ ಪಟ್ಟಿಯ) ಮೇಲ್ಭಾಗದಲ್ಲಿ ಹಲ್ಲಿನ ಚೂಪು ತುದಿ ಮುಂದಕ್ಕೆ ನೋಡಬೇಕು. ಬಾರ್ ಆಯಿಲ್ ಬರುತ್ತಿದೆಯಾ ಅಂತ ತಿಳಿಯಲು, ತುದಿಯನ್ನು ಒಂದು ಬಿಳಿ ರಟ್ಟಿನ ಮೇಲೆ ತುಸು ದೂರ ಹಿಡಿದು ರೇಸ್ ಮಾಡಿ, ಆಯಿಲ್ ಗೆರೆ ಬೀಳಬೇಕು.

ಬ್ರಷ್ ಕಟರ್ ವಿಪರೀತ ನಡುಗಿದರೆ ಬ್ಲೇಡ್ ನೋಡಿ. ಕೂದಲೆಳೆಯಷ್ಟು ಬಿರುಕಿದ್ದರೂ ಬಿಸಾಡಿ, ವೆಲ್ಡಿಂಗ್ ಬೇಡ. ಆ ನಟ್ ಹೆಚ್ಚಿನವುಗಳಲ್ಲಿ ಎಡ ಮರೆಯದು (ಲೆಫ್ಟ್ ಥ್ರೆಡ್), ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಗೊತ್ತಿಲ್ಲದೆ ಬಲ ಹಾಕಿ ಮರೆ ಕಿತ್ತ ಮೆಷಿನ್‌ಗಳು ಬೇಕಾದಷ್ಟಿವೆ. ನೈಲಾನ್ ದಾರ ಹಾಕಿದಾಗ ಮಾತ್ರ ಇಂಜಿನ್ ಸೋತರೆ, ಗಾರ್ಡ್ ಕಿತ್ತು ಉದ್ದ ದಾರ ಬಿಟ್ಟಿದ್ದಾರೆ ಅಂತ ಲೆಕ್ಕ. ಗಾರ್ಡ್‌ನ ಸಣ್ಣ ಚಾಕುವೇ ದಾರವನ್ನು ಅಳತೆಗೆ ಕತ್ತರಿಸುವುದು. ಉದ್ದ ದಾರದಿಂದ ಕ್ಲಚ್ಚೂ ಸುಡುತ್ತದೆ.

ಮತ್ತೆ ಕೊಡುವ ಮೊದಲು

ಸರಿಹೋದ ಮೆಷಿನ್‌ನ್ನು ಬಿಸಿಯಾಗುವವರೆಗೆ ಓಡಿಸಿ, ನಿಲ್ಲಿಸಿ, ಬಿಸಿಯಲ್ಲೇ ಮತ್ತೆ ಸ್ಟಾರ್ಟ್ ಮಾಡಿ. ತಣ್ಣಗಿದ್ದಾಗ ಮಾತ್ರ ಸ್ಟಾರ್ಟ್ ಆಗುವ ಮೆಷಿನ್ ಒಯ್ದವರ ಕೈಯಲ್ಲಿ ಅರ್ಧ ಕೆಲಸಕ್ಕೆ ನಿಲ್ಲುತ್ತದೆ. ಮೆಷಿನ್ ಜೊತೆಗೆ ನೀವೇ ಬೆರೆಸಿದ ಪೆಟ್ರೋಲ್ ಕ್ಯಾನ್ ಕೊಡಿ. ಕ್ಯಾನಿನ ಮೇಲೆ "ಆಯಿಲ್ ಬೆರೆಸಿದೆ, ಇನ್ನು ಹಾಕಬೇಡಿ" ಅಂತ ದಪ್ಪಗೆ ಬರೆದು, ಬೆರೆಸಿದ ತಾರೀಖು ಹಾಕಿ. ಮೋವರ್‌ನ ಕ್ಯಾನ್ ಬೇರೆ ಬಣ್ಣದ್ದಿರಲಿ. ವಾಪಸ್ ಬಂದಾಗ ಒಯ್ದವರ ಎದುರಿಗೇ ಒಮ್ಮೆ ಸ್ಟಾರ್ಟ್ ಮಾಡಿ ನೋಡಿ. ಮುಂದಿನ ವಾರ ಯಾರಿಗೂ ಬೇಡವಾದರೆ ಇಂಜಿನ್ ಆರಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಮುಗಿದು ತಾನಾಗಿ ನಿಲ್ಲುವವರೆಗೆ ಸ್ಲೋ ಸ್ಪೀಡ್‌ನಲ್ಲಿ ಓಡಿಸಿಡಿ.

ಪ್ರತಿ ಮೆಷಿನ್‌ಗೂ ಒಂದು ಪುಟ ಇಟ್ಟು, ಕಂಡ ದೋಷ ಬರೆಯುತ್ತಾ ಹೋಗಿ. ಬೇರೆ ಬೇರೆಯವರು ಒಯ್ದರೂ ಒಂದೇ ಮೆಷಿನ್ ಮುಂದೆ "ಪ್ಲಗ್ ಒದ್ದೆ" ಅಂತ ಪದೇ ಪದೇ ಬಂದರೆ ಒಯ್ದವರನ್ನು ದೂರಬೇಡಿ. ಏರ್ ಫಿಲ್ಟರ್ ತೆಗೆದು, ಚೋಕ್ ಲಿವರ್ ಪೂರ್ತಿ ತೆರೆದಾಗ ಒಳಗಿನ ತಗಡೂ ಪೂರ್ತಿ ತೆರೆಯುತ್ತದಾ ಅಂತ ಕಣ್ಣಾರೆ ನೋಡಿ. ಅದು ತೆರೆಯುತ್ತಿದ್ದರೆ ಕಾರ್ಬುರೇಟರ್‌ನ ಸೂಜಿ ಸರಿಯಾಗಿ ಮುಚ್ಚಿಕೊಳ್ಳದೆ ಪೆಟ್ರೋಲ್ ಸೋರುತ್ತಿರಬಹುದು, ಅದನ್ನು ಬದಲಿಸಿ.